ಎರಡು ಬೆರಳು

ಜೆಪ್ಪಿನಲ್ಲಿ ಚಳಿಗಾಲವೆಂದರೆ
ಬೆಳಗ್ಗೆ ಆರಕ್ಕೆ ಹಾಲಿನ ತೊಟ್ಟೆ ಕೈಗೆ ಸ್ವಲ್ಪ ತಣ್ಣಗೆ,
ಹತ್ತಕ್ಕೆ ಮತ್ತೆ ಅದೇ ಬೆವರು.
ಘಟ್ಟದ ಮೇಲೆ ಸ್ವೆಟರು ತೆಗೆದಿದ್ದಾರಂತೆ;
ಇಲ್ಲಿ ನನಗೆ ಅದರ ಗುಂಡಿ ಹೊಲಿಯುವ ಕೆಲಸವೂ ಇಲ್ಲ.

ಆದರೂ ಕ್ಯಾಲಾಡಿಯಮ್ಮಿಗೆ ಗೊತ್ತಾಗುತ್ತದೆ.
ಗೋಡೆಯಾಚೆ ನೆಬಿಸಮ್ಮನ ಜೀಗುಜ್ಜೆ ಮರ,
ಅದರ ನೆರಳಲ್ಲಿ ಮಳೆಗಾಲವಿಡೀ
ಕೆಂಪು ನರ ತೋರಿಸುತ್ತ ನಿಂತದ್ದು
ಬೊಂತೆಲ್ ಮುಗಿಯುವಾಗ ಒಂದು ಬೆಳಗ್ಗೆ
ಸೊಂಟ ಹಿಡಿದವರ ಹಾಗೆ ಬದಿಗೆ ವಾಲುತ್ತದೆ.
ಸುರುಳಿ ಸುಗಂಧಿಯ ತುದಿ ಕಂದು.
ನಾಗರಪಂಚಮಿಯ ಕಡುಬಿಗೆಂದು
ಇಡೀ ಓಣಿ ಕೇಳಿ ಕೇಳಿ ಒಯ್ದ ಅರಿಸಿನದೆಲೆ
ಈಗ ಕೇಳುವವರಿಲ್ಲದೆ ಹಳದಿ.

ಕತ್ತರಿ ನನ್ನ ಹಳೆಯದು.
ಇಪ್ಪತ್ತೆರಡು ವರ್ಷ ಶಾಲೆಗಳ ನೀಲಿ ಬಟ್ಟೆ ತಿಂದು
ಹಲ್ಲು ಹೋದ ಮೇಲೆ ಗಿಡದ ಕೆಲಸಕ್ಕೆ ಹಾಕಿದೆ.
ಹೊಸತನ್ನು ಮನೆಯಲ್ಲಿ ಯಾರೂ ಮುಟ್ಟುವಂತಿಲ್ಲ,
ಒಂದು ಕಾಗದ ಕತ್ತರಿಸಿದರೂ
ಮರುದಿನ ಅದರ ಸದ್ದಿನಲ್ಲಿ ನನಗೆ ತಿಳಿಯುತ್ತದೆ.

ಹೋದ ವರ್ಷ ಅವಸರ ಮಾಡಿದೆ.
ತಂಗಿಯ ಮಗಳನ್ನು ನೋಡಲು ಗಂಡಿನವರು ಬರುವವರಿದ್ದರು,
ಅಂಗಳ ಚೊಕ್ಕ ಕಾಣಲಿ ಎಂದು
ಇನ್ನೂ ಹಸುರಿದ್ದವನ್ನೆಲ್ಲ ಬುಡಕ್ಕೇ ಸವರಿದೆ.
ಬಂದವರು ಅಂಗಳ ನೋಡಲೇ ಇಲ್ಲ,
ಅಂಬಡೆ ತಿಂದು ಹೋದರು.
ಜೂನಿನಲ್ಲಿ ಮೇಲೆ ಬಂದದ್ದು
ಎಂಟಾಣೆಯಷ್ಟಗಲ ಎಲೆ, ಒಂದೇ ಒಂದು,
ಅರ್ಧ ಊಟದಿಂದ ಎಬ್ಬಿಸಿದ ಮಗುವಿನ ಮುಖ.

ಈ ವರ್ಷ ಕಾಯುತ್ತೇನೆ.
ದಿನಕ್ಕೊಮ್ಮೆ ಮೆಲ್ಲಗೆ ಎಳೆದು ನೋಡುತ್ತೇನೆ.
ಬಂದರೆ ಬರಲಿ. ಬಾರದಿದ್ದರೆ ನಾಳೆ.
ಗೆಡ್ಡೆ ಇನ್ನೂ ಉಣ್ಣುತ್ತಿದೆ ಎಂದು ಅರ್ಥ.

ಸುಗಂಧಿಯ ದಂಟಿಗೆ ಕತ್ತರಿ ಇಡುವಾಗ
ಅಪೊಲಿನ್ ಟೀಚರ ದನಿ.
ಹೊಲಿಗೆ ಕ್ಲಾಸಿನಲ್ಲಿ, ಅಳತೆಪಟ್ಟಿ ಕೊರಳಿಗೆ ನೇತುಹಾಕಿಕೊಂಡು,
"ಲೋಲಾಕ್ಷೀ, ಎರಡು ಬೆರಳು ಒಳಗೆ ಬಿಡು ಮಾರಾಯ್ತಿ,
ಮೈ ಇದ್ದ ಹಾಗೇ ಇರ್ತದಾ?"
ಬಿಟ್ಟಿದ್ದೇನೆ ಟೀಚರೇ,
ಎಷ್ಟೋ ರವಕೆಗಳ ಒಳಗೆ, ಹೊರಗೆ ಕಾಣದ ಹಾಗೆ.
ಬಾಣಂತಿಯರು ಬಂದು ಬಿಚ್ಚಿಸಿಕೊಂಡರು.
ಕೆಲವರು ತೆಳ್ಳಗಾಗಿ ಬಂದರು,
ಅವರಿಗೆ ಇನ್ನಷ್ಟು ಒಳಗೆ ಹಿಡಿದು ಕೊಟ್ಟೆ,
ಯಾಕೆಂದು ಕೇಳಲಿಲ್ಲ.

ದಂಟಿನಲ್ಲೂ ಎರಡು ಬೆರಳು.
ಜರಿಗಿಡಕ್ಕೆ ಹಣ್ಣಾದ ಗರಿ ಮಾತ್ರ.
ಬಿಗೋನಿಯವನ್ನು ಮುಟ್ಟುವುದಿಲ್ಲ,
ಅದಕ್ಕೂ ನನಗೂ ಆಗುವುದಿಲ್ಲ.
ಮೇಲೆ ಹೊದೆಸಿದ ತರಗೆಲೆ ಎಲ್ಲ ಜೀಗುಜ್ಜೆಯದು,
ಆಚೆಯಿಂದ ಬಿದ್ದದ್ದು.
ನೆಬಿಸಮ್ಮ ಕಾಯಿಯ ಲೆಕ್ಕ ಇಡುತ್ತಾರೆ,
ನೆರಳಿನ ಲೆಕ್ಕ ಇಟ್ಟವರಲ್ಲ.

ಈಗ ಅಲ್ಲಿ ಒಡೆದ ಹಂಚಿನ ಅಂಚು, ನಡುವೆ ಮಣ್ಣು.
ಜಾಗ ಮರೆಯದಿರಲಿ ಎಂದು ಕಡ್ಡಿ ನೆಟ್ಟು
ಒಂದೊಂದಕ್ಕೆ ಒಂದೊಂದು ಗುಂಡಿ ಕಟ್ಟಿದೆ:
ಕ್ಯಾಲಾಡಿಯಮ್ಮಿಗೆ ಕೆಂಪು, ಸುಗಂಧಿಗೆ ಬಿಳಿ,
ಅರಿಸಿನಕ್ಕೆ ಹಳದಿ ಸಿಗಲಿಲ್ಲ,
ಒಂದು ಕೋಟಿನ ಹಿತ್ತಾಳೆ ಗುಂಡಿ.

ಸಂಜೆ ನೆಬಿಸಮ್ಮ ಬಂಗುಡೆ ತೊಳೆದ ನೀರು ಹಿಡಿದು
ಗೋಡೆಯ ಮೇಲಿಂದ ಇಣುಕಿದರು.
ಗಿಡಕ್ಕೆ ಒಳ್ಳೆಯದೆಂದು ನಾನೇ ಹೇಳಿದ್ದು,
ದಿನಾ ಇಲ್ಲಿಗೇ ಚೆಲ್ಲುವುದು.
"ಎಂತ, ಎಲ್ಲ ತೆಗೆದಿರಾ? ಇಲ್ಲಿ ಎಂತದೂ ಇಲ್ಲವಲ್ಲ?"
"ಉಂಟು," ಎಂದೆ.
"ನೀರು ಮಾತ್ರ ಬೇಡ, ಕೊಳೀತದೆ. ಮೇ ಕಳೆಯಲಿ."

ಅವರು ಗುಂಡಿಗಳನ್ನು ನೋಡಿದರು, ನನ್ನನ್ನು ನೋಡಿದರು,
ಪಾತ್ರೆ ಸೊಂಟಕ್ಕೊತ್ತಿಕೊಂಡು ಬಾಳೆಯ ಬುಡಕ್ಕೆ ಹೊರಟವರು
ತಿರುಗಿ ಕೇಳಿದರು:
"ಆ ಹಿತ್ತಾಳೆಯದು ಯಾರದ್ದು?"
"ಒಯ್ಯಲು ಇನ್ನೂ ಬಂದಿಲ್ಲ," ಎಂದೆ.